ದಾವಲಕಾಕಾನ ‘ಅಂತ’

ಸವಣೂರಿನ ನಮ್ಮ ಓಣಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಟೇಲರ್ ದಾವಲಸಾಬರ ಜೊತೆ ಎರಡು ಮಾತಾಡಿದರೆ ಮೂರನೆಯದಕ್ಕೆ ನಗುತ್ತಿದ್ದರು. “ಚಹಾ ಆತೇನ್ರಿ ಕಾಕಾ?” ಎಂದರೆ “ಆಗೇತಂತ” ಎನ್ನುತ್ತಿದ್ದರು. “ನಿನ್ನಿ ಮಳಿ ಜೋರ ಬಂತಲ್ಲರಿ?” ಎಂದರೆ, ತಮ್ಮದೇ ಮಾಡು ಸೋರಿ ತೊಯ್ದ ಬಟ್ಟೆ ಅಂಗಡಿಯ ಹಗ್ಗದ ಮೇಲೆ ತೂಗುತ್ತಿದ್ದರೂ “ಬಂದಿತ್ತಂತ” ಎನ್ನುತ್ತಿದ್ದರು. ಒಬ್ಬ ಕಿಡಿಗೇಡಿ ನಡುಮಧ್ಯಾಹ್ನ ಬಂದು “ಕಾಕಾ, ಈಗ ಹಗಲೋ ರಾತ್ರಿಯೋ?” ಎಂದು ಕೇಳಿದ. ಕಾಕಾ ಮಶೀನಿನಿಂದ ತಲೆ ಎತ್ತದೆ “ಹಗಲಂತ” ಎಂದರು. ಕಟ್ಟೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ನಗು ಬರುತ್ತಿರಲಿಲ್ಲ. ಆ ‘ಅಂತ’ ಎಲ್ಲಿಂದ ಬಂದು ಅವರ ನಾಲಿಗೆಗೆ ಅಂಟಿಕೊಂಡಿತೆಂಬುದು ನಮ್ಮ ಮನೆಯವರಿಗೆ ಗೊತ್ತಿತ್ತು. ಬೇರೆಯವರ ಬಾಯಿಂದ ಕೇಳಿದ್ದನ್ನು ಹೇಳುವಾಗ ಮಾತಿನ ಕೊನೆಗೆ ನಾವು ‘ಅಂತ’ ಸೇರಿಸುತ್ತೇವೆ. ಪುಸ್ತಕದಲ್ಲಿ ಅದು ‘ಅಂತೆ’. ಪೇಪರಿನವರು ಅದಕ್ಕೆ ಕೋಟು ತೊಡಿಸಿ ‘ಎನ್ನಲಾಗಿದೆ’ ಎನ್ನುತ್ತಾರೆ. ನಮ್ಮಣ್ಣ ಗುರುನಾಥನ ಹೆಸರು ಮಣ್ಣು ಪಾಲಾದದ್ದು ಆ ಒಂದು ಶಬ್ದ ಇಲ್ಲದ್ದಕ್ಕೆ. ಹಾಗೆಂದು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ.

ಕಾಕಾ ಮೊದಲು ಹಾಗಿರಲಿಲ್ಲ. ಅಯ್ಯ, ಆ ಗಂಟಲನ್ನು ನೀವು ಕೇಳಬೇಕಿತ್ತು! ಮನುಷ್ಯ ನೋಡಿದರೆ ಕಡ್ಡಿ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಕಣ್ಣಿಗೆ ಒಂದು ಕಡೆ ಕಡ್ಡಿ ಮುರಿದು ಕರಿದಾರ ಕಟ್ಟಿದ ಚಾಳೀಸು. ಬಾಯಿ ತೆರೆದರೆ ಮಾತ್ರ ಓಣಿಯ ಆ ತುದಿಗೆ ಕೇಳುತ್ತಿತ್ತು. ವಯಸ್ಸಿನಲ್ಲಿ ಅವರು ದೊಡ್ಡಾಟದಲ್ಲಿ ಸಾರಥಿಯಾಗಿದ್ದವರು. ರಾಜನಿರಲಿ ರಾಕ್ಷಸನಿರಲಿ, ರಂಗಕ್ಕೆ ಬಂದ ಪ್ರತಿಯೊಬ್ಬನನ್ನೂ ತಡೆದು “ತಾವು ಧಾರು? ತಮ್ಮ ನಾಮಾಂಕಿತವೇನು?” ಎಂದು ಕೇಳುವ ಪಾತ್ರ ಅದು. ಆಟ ಬಿಟ್ಟು ಇಪ್ಪತ್ತು ವರ್ಷವಾದರೂ ಸಾರಥಿ ಅವರನ್ನು ಬಿಟ್ಟಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿಗೆ ಒಂದೇ ಪೇಪರು. ಹುಬ್ಬಳ್ಳಿಯಿಂದ ಮುಂಜಾನೆಯ ಗಾಡಿಗೆ ಯಲವಿಗಿ ಸ್ಟೇಶನ್ನಿಗೆ ಇಳಿದು, ಅಲ್ಲಿಂದ ಮೋಟಾರಿನಲ್ಲಿ ಸವಣೂರಿಗೆ ಬಂದು ಹತ್ತೂವರೆಗೆ ಕಾಕಾನ ಕೈ ಸೇರುತ್ತಿತ್ತು. ಅಷ್ಟರಲ್ಲಿ ಕಟ್ಟೆ ತುಂಬಿರುತ್ತಿತ್ತು. ಓದಲು ಬಾರದವರು ಬರುತ್ತಿದ್ದರು, ಬರುವವರೂ ಬರುತ್ತಿದ್ದರು. ಕಿರಾಣಿ ಅಂಗಡಿಯ ಚನ್ನಪ್ಪನಿಗೆ ಓದು ಚೆನ್ನಾಗಿ ಬರುತ್ತಿತ್ತು. ಆದರೂ “ನಾವ ಓದಿದ್ರ ಸುದ್ದಿ ಸಪ್ಪಗ ಆಗತೈತಿ” ಎಂದು ಕಾಕಾನ ಎದುರೇ ಕೂಡುತ್ತಿದ್ದ. ಹೆಂಗಸರಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ನಮ್ಮ ಮನೆ ಅಂಗಡಿಯ ಎದುರಿಗೇ ಇದ್ದುದರಿಂದ ಅವ್ವ ಮತ್ತು ನಾನು ಬಾಗಿಲ ಸಂದಿಯಲ್ಲಿ ಕಾಳು ಹಸನು ಮಾಡುತ್ತ ಕೇಳುತ್ತಿದ್ದೆವು.

ಕಾಕಾ ಪೇಪರಿನ ಕನ್ನಡವನ್ನು ಹಾಗೇ ಓದುತ್ತಿರಲಿಲ್ಲ. ಕಣ್ಣಿನಿಂದ ಅದನ್ನು ಓದಿ ಬಾಯಿಂದ ನಮ್ಮ ಕನ್ನಡ ಆಡುತ್ತಿದ್ದರು. ‘ಅಪರಿಚಿತರು ಒಡವೆಗಳನ್ನು ಅಪಹರಿಸಿ ಪರಾರಿಯಾಗಿದ್ದಾರೆ ಎನ್ನಲಾಗಿದೆ’ ಎಂದು ಅಚ್ಚಾಗಿದ್ದರೆ, ಅವರ ಬಾಯಲ್ಲಿ ಅದು “ಬಂಗಾರ ಹೊಡಕೊಂಡು ಓಡೇ ಹೋದ್ರಪಾ, ಓಡೇ ಹೋದ್ರು!” ಎಂದಾಗುತ್ತಿತ್ತು. ಕಳ್ಳನ ಹೆಸರು ಬರುವ ಮುಂಚೆ ಒಂದು ಗಳಿಗೆ ತಡೆದು, ಚಾಳೀಸು ಏರಿಸಿ, “ಅವನ ನಾಮಾಂಕಿತವೇನಪಾ ಅಂದ್ರ...” ಎಂದು ಎಳೆಯುತ್ತಿದ್ದರು. ಆ ಗಳಿಗೆಗಾಗಿಯೇ ಮಂದಿ ಬರುತ್ತಿದ್ದುದು. ಮಂತ್ರಿಗಳ ಭಾಷಣ, ಕಾಳಿನ ಧಾರಣೆ ಯಾರಿಗೆ ಬೇಕಾಗಿತ್ತು?

ಆಗ ಪೇಪರಿನಲ್ಲಿ ದಿನಾ ಹುಡುಗರದೇ ಸುದ್ದಿ. ಸಿನಿಮಾ ನೋಡಿ ಕೆಟ್ಟರು, ಬಸ್ಸಿಗೆ ಕಲ್ಲು ಹೊಡೆದರು, ಪಾಕೀಟು ಕತ್ತರಿಸಿದರು. ಎಲ್ಲ ಸುದ್ದಿಯಲ್ಲಿಯೂ ಆ ಹುಡುಗರು ‘ಬಿಗಿ ಷರಾಯಿ’ ತೊಟ್ಟಿರುತ್ತಿದ್ದರು, ಕ್ರಾಪು ತೀಡಿರುತ್ತಿದ್ದರು. ಕಾಕಾ ಓದುವಾಗ ಎದ್ದು ನಿಂತು, ಎರಡೂ ಕೈಯಿಂದ ತಮ್ಮ ಪಾಯಜಾಮವನ್ನು ಬಿಗಿಹಿಡಿದು ಆ ಪುಂಡರ ನಡಿಗೆ ನಡೆದು ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು. ನಕ್ಕ ಮೇಲೆ ಹೆದರುತ್ತಿದ್ದೆವು. ಶಿಗ್ಗಾಂವಿ ಬಸ್ಸಿನ ಕಂಡಕ್ಟರು ಅಂಥ ಪ್ಯಾಂಟಿನ ಹುಡುಗರನ್ನು ತನ್ನ ಕಣ್ಣೆದುರಿಗೇ ಕೂಡಿಸುತ್ತಿದ್ದ. ಚನ್ನಪ್ಪ ಅವರು ಬಂದರೆ ಬೆಲ್ಲದ ಪೆಂಟೆಯನ್ನು ಒಳಕ್ಕೆ ಸರಿಸುತ್ತಿದ್ದ. ನಮ್ಮೂರಿನಲ್ಲಿ ಒಬ್ಬ ಹುಡುಗನೂ ಏನೂ ಕದ್ದಿರಲಿಲ್ಲ, ಆ ಮಾತು ಬೇರೆ.

ತಮಾಷೆಯೆಂದರೆ, ಹನ್ನೊಂದೂವರೆಗೆ ಓದು ಮುಗಿಸಿ ಕಾಕಾ ಮಶೀನಿಗೆ ಕೂತು ಹೊಲಿಯುತ್ತಿದ್ದುದು ಅವೇ ಪ್ಯಾಂಟುಗಳನ್ನು. ಕಾಲಿನ ತುದಿಯ ಅಗಲಕ್ಕೆ ಅವರ ಕಸಬಿನಲ್ಲಿ ಮೋರಿ ಎನ್ನುತ್ತಾರೆ. ಹದಿನಾಲ್ಕು ಇಂಚಿನ ಮೋರಿಯನ್ನು ಅವರ ಹಾಗೆ ಹೊಲಿಯುವವರು ಹಾನಗಲ್ಲಿನವರೆಗೆ ಇರಲಿಲ್ಲ. ನಮ್ಮ ಗುರಣ್ಣ ಒಮ್ಮೆ ಕೇಳಿಯೇ ಬಿಟ್ಟ: “ಏನ್ರಿ ಕಾಕಾ, ಮುಂಜಾನಿ ಬೈತೀರಿ, ಮಧ್ಯಾಹ್ನ ಹೊಲಿತೀರಿ?”

“ಬೈಯೂದು ಪೇಪರು, ಹೊಲಿಯೂದು ನಾನು” ಎಂದರು ಕಾಕಾ. “ಅದಾ ಬ್ಯಾರೆ ಕಸಬು, ಇದಾ ಬ್ಯಾರೆ ಕಸಬು. ಕಾಲ ಬಿಗಿ ಹಿಡಿ, ಅಳತಿ ತಪ್ಪತೈತಿ.”

ಗುರಣ್ಣನೆಂದರೆ ಅವರಿಗೆ ಜೀವ. ಅವನಿಗೆ ಹತ್ತೊಂಬತ್ತು, ನನಗೆ ಹದಿನೇಳು. ಅಪ್ಪನದು ವೀಳ್ಯದೆಲೆಯ ವ್ಯಾಪಾರ. ಎಲೆಯ ಪೆಂಡಿಗಳನ್ನು ಯಲವಿಗಿಗೆ ಒಯ್ದು ರೈಲಿಗೆ ಹಾಕಿ ಬರುವುದು ಅಣ್ಣನ ಕೆಲಸ. ಶಿಗ್ಗಾಂವಿಯಲ್ಲಿ ಅವನಿಗೆ ಹೆಣ್ಣು ನೋಡಿ ಮಾತು ಮುಗಿಸಿದ್ದರು. ಮದುವೆಯ ಕೋಟು ತಾವೇ ಹೊಲಿಯುವುದೆಂದು ಕಾಕಾ ಹಟ ಹಿಡಿದಿದ್ದರು.

ನನಗೂ ಅವರು ಒಂದು ದೊಡ್ಡ ಉಪಕಾರ ಮಾಡಿದ್ದರು, ತಮಗೆ ಗೊತ್ತಿಲ್ಲದೆಯೇ. ಹಳೆಯ ಪೇಪರುಗಳನ್ನು ಕುಪ್ಪಸದ ಅಳತೆಗೆ ಕತ್ತರಿಸಿ ಅಚ್ಚು ಮಾಡುತ್ತಿದ್ದರು. ಆ ತುಂಡುಗಳು ಕೆಲಸ ಮುಗಿದ ಮೇಲೆ ನಮ್ಮ ಮನೆಗೆ ಒಲೆ ಹೊತ್ತಿಸಲು ಬರುತ್ತಿದ್ದವು. ಶಾಲೆ ಬಿಡಿಸಿದ್ದ ನಾನು ಒಲೆಯ ಮುಂದೆ ಕೂತು ಅವನ್ನೇ ಓದುತ್ತಿದ್ದೆ. ತೋಳಿನ ತುಂಡಿನಲ್ಲಿ ಅರ್ಧ ಸುದ್ದಿ, ಕೊರಳಿನ ತುಂಡಿನಲ್ಲಿ ಇನ್ನರ್ಧ. ವಾಕ್ಯದ ಕೊನೆ ಕತ್ತರಿಗೆ ಹೋಗಿದ್ದರೆ ನಾನೇ ಸೇರಿಸಿಕೊಂಡು ಮುಗಿಸುತ್ತಿದ್ದೆ. ಮುಂದೆ ನಾನು ಮತ್ತೆ ಪರೀಕ್ಷೆ ಕಟ್ಟಿ ಶಾಲಾ ಶಿಕ್ಷಕಿಯಾದೆ. ಅದರ ಬೇರು ಆ ಒಲೆಯ ಮುಂದೆ ಇತ್ತು.

ಅದೊಂದು ಮಂಗಳವಾರ ಎಲೆ ಹಾಕಲು ಹೋದ ಗುರಣ್ಣ ಮನೆಗೆ ಬರಲಿಲ್ಲ. ಅಪ್ಪ ಸಂಜೆಯ ಮೋಟಾರಿಗೆ ಯಲವಿಗಿಗೆ ಹೋಗಿ ಬಂದು, ಅವ್ವನನ್ನು ಒಳಗೆ ಕರೆದು ಹೇಳಿದರು. ಮಾಲುಗಾಡಿಯಿಂದ ಇಳಿಯಬೇಕಿದ್ದ ಜವಳಿಯ ಮೂರು ಗಂಟು ಇಲ್ಲವಾಗಿದ್ದವು. ಪೊಲೀಸರು ಸ್ಟೇಶನ್ನಿನಲ್ಲಿ ತಿರುಗಾಡುತ್ತಿದ್ದ ನಾಲ್ಕು ಹುಡುಗರನ್ನು ಹಿಡಿದು ಕೂಡಿಸಿದ್ದರು. ನಾಲ್ವರಲ್ಲಿ ಅಣ್ಣನೊಬ್ಬ. “ಯಾರರ ಕೇಳಿದ್ರ ಹುಲಗೂರಿಗೆ ಹೋಗ್ಯಾನ ಅನ್ರಿ. ಎರಡ ದಿನದಾಗ ಬಿಡತಾರ” ಎಂದರು ಅಪ್ಪ. ಕಾಕಾನಿಗೂ ನಾವು ಹುಲಗೂರೆಂದೇ ಹೇಳಿದೆವು. ಅವರಿಗೊಬ್ಬರಿಗೆ ನಿಜ ಹೇಳಿದ್ದರೆ! ಈ ಮಾತನ್ನು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಗುರುವಾರ ಹತ್ತೂವರೆಗೆ ಪೇಪರು ಬಂತು. ನಾನು ಬಾಗಿಲಲ್ಲಿದ್ದೆ.

“ಕೇಳ್ರಪಾ ಕೇಳ್ರಿ, ಇವತ್ತ ನಮ್ಮ ಯಲವಿಗಿ ಸುದ್ದಿ!” ಎಂದು ಕಾಕಾ ಎದ್ದು ನಿಂತರು. ಊರ ಸಮೀಪದ ಹೆಸರು ಪೇಪರಿನಲ್ಲಿ ಬಂದದ್ದಕ್ಕೆ ಅವರಿಗೆ ಹಿಗ್ಗೋ ಹಿಗ್ಗು. “ಬಿಗಿ ಪ್ಯಾಂಟಿನ ನಾಕ ಮಂದಿ ಹುಡುಗೂರು! ಕ್ರಾಪು ತೀಡ್ಯಾರ, ಸ್ಟೇಶನ್ಯಾಗ ಹಿಂಗ ಹಿಂಗ ತಿರಗ್ಯಾರ, ಮೂರ ಗಂಟು ಅರಿವಿ ಹೊಡದ ಬಿಟ್ಟಾರ! ಪೊಲೀಸರು ಬಿಡ್ತಾರೇನ್ರಿ? ಹೆಡಮುರಿಗಿ ಕಟ್ಯಾರ. ಅದರಾಗ ಒಬ್ಬಾವ ನಮ್ಮ ಸವಣೂರಾವ! ಅವನ ನಾಮಾಂಕಿತವೇನಪಾ ಅಂದ್ರ...”

ಚಾಳೀಸು ಏರಿಸಿದರು. ಓದಿನಲ್ಲಿ ಅವರ ಬಾಯಿ ಕಣ್ಣಿಗಿಂತ ಅರ್ಧ ಹೆಜ್ಜೆ ಮುಂದೆಯೇ ಇರುತ್ತಿತ್ತು. “ಎಲೆ ವ್ಯಾಪಾರಿಯ ಮಗ ಗುರುನಾಥ” ಎಂದು ಓಣಿಯ ಆ ತುದಿಗೆ ಕೇಳುವಂತೆ ಓದಿದ ಮೇಲೆಯೇ ಆ ಹೆಸರು ಯಾರದೆಂಬುದು ಅವರಿಗೆ ತಿಳಿದದ್ದು.

ಆಮೇಲೆ ಅವರು ಒಂದು ಮಾತೂ ಆಡಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಮಶೀನಿನ ಖಾನೆಯಲ್ಲಿಟ್ಟು, ನಮ್ಮ ಬಾಗಿಲ ಕಡೆ ನೋಡದೆ ಒಳಗೆ ಹೋದರು. ಆ ಸುಮ್ಮನಿರುವಿಕೆಯಿಂದ ಸುದ್ದಿ ಇನ್ನಷ್ಟು ಗಟ್ಟಿಯಾಯಿತು. ಸುಳ್ಳಾಗಿದ್ದರೆ ದಾವಲಣ್ಣ ಹೀಗೇಕೆ ಬಾಯಿ ಮುಚ್ಚಿದ ಎಂದು ಮಂದಿ ಆಡಿಕೊಂಡರು. ಅವ್ವನ ಕೈಯಿಂದ ಮೊರ ಬಿದ್ದು ಕಾಳು ಹೊಸ್ತಿಲ ತುಂಬ ಚೆಲ್ಲಿತು. ನಾವಿಬ್ಬರೂ ಆರಿಸಲಿಲ್ಲ.

ಮರುದಿನವೇ ಗುರಣ್ಣನನ್ನು ಬಿಟ್ಟರು. ಕಳವು ಆಗಿಯೇ ಇರಲಿಲ್ಲ! ಆ ಮೂರು ಗಂಟುಗಳನ್ನು ಯಲವಿಗಿಯಲ್ಲಿ ಇಳಿಸುವುದು ಮರೆತು ಗಾಡಿ ಹರಿಹರಕ್ಕೆ ಹೋಗಿತ್ತು. ಅಲ್ಲಿ ಅವು ಹಾಗೇ ಬಿದ್ದಿದ್ದವು. ಅಣ್ಣ ಮನೆಗೆ ಬಂದು, ಕೈಕಾಲು ತೊಳೆದು, ರೊಟ್ಟಿ ಉಂಡು, “ಆತು ಬಿಡವ್ವಾ, ಮುಗೀತಲ್ಲ” ಎಂದ. ಪಾಪ, ಅವನು ಹಾಗೆಂದೇ ತಿಳಿದಿದ್ದ.

ಮುಗಿಯಲಿಲ್ಲ. ಬಸ್ಸಿನಲ್ಲಿ ಅವನ ಪಕ್ಕದವರು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡರು. ಚನ್ನಪ್ಪ ಅವನೊಡನೆ ನಗುತ್ತಲೇ ಮಾತಾಡಿದ, ಕೈ ಮಾತ್ರ ಬೆಲ್ಲದ ಪೆಂಟೆಯ ಮೇಲಿತ್ತು. ಬಿಟ್ಟುಬಿಟ್ಟರೆಂದು ಅಪ್ಪ ಎಲ್ಲರಿಗೂ ಹೇಳಿದರು. “ಬಿಡತಾರ್ರಿ, ಯಾರದರ ಕೈಕಾಲ ಹಿಡದ್ರ ಬಿಡತಾರ” ಎಂದರು ಮಂದಿ. ಹತ್ತನೆಯ ದಿನ ಶಿಗ್ಗಾಂವಿಯಿಂದ ಹೆಣ್ಣಿನ ಸೋದರಮಾವ ಬಂದ. ಚಹಾ ಕುಡಿದು, ಬಹಳ ಮರ್ಯಾದೆಯಿಂದ, “ಈ ವರ್ಷ ಬ್ಯಾಡ್ರಿ. ಮುಂದಿನ ವರ್ಷ ನೋಡೂಣು” ಎಂದು ಹೇಳಿ ಹೋದ. ಅಣ್ಣ ಹಿತ್ತಲಿನಲ್ಲಿ ಎಲೆಗೆ ನೀರು ಹೊಡೆಯುತ್ತಿದ್ದ. ಅವನಿಗೆ ಎಲ್ಲಾ ಕೇಳಿಸಿತ್ತು.

ಅವತ್ತು ಸಿಟ್ಟು ತಡೆಯಲಾರದೆ ನಾನು ಅಂಗಡಿಯ ಕಟ್ಟೆ ಹತ್ತಿದೆ. ಹೆಣ್ಣುಮಗಳು ಹತ್ತಿದ್ದು ಅದೇ ಮೊದಲು. “ಆ ಪೇಪರ ಕೊಡ್ರಿ ಕಾಕಾ” ಎಂದೆ. ಅವರು ಖಾನೆಯಿಂದ ತೆಗೆದು ಕೊಟ್ಟರು. ಅದನ್ನು ಕತ್ತರಿಸಿರಲಿಲ್ಲ. ಓದಿದೆ. ‘ನಾಲ್ವರು ಯುವಕರು ಜವಳಿಯ ಮೂರು ಗಂಟುಗಳನ್ನು ಸಾಗಿಸಿದ್ದಾರೆ ಎನ್ನಲಾಗಿದೆ.’

“ಇಲ್ಲಿ ಎನ್ನಲಾಗಿದೆ ಅಂತ ಐತೆಲ್ಲರಿ! ನೀವ್ಯಾಕ ಅದನ್ನ ಓದಲಿಲ್ಲ?”

ಕಾಕಾನಿಗೆ ನಾನು ಕೇಳುವುದೇನೆಂದು ಮೊದಲು ತಿಳಿಯಲಿಲ್ಲ. “ಅದು ಪೇಪರಿನ ಬಾಲ ಸರೂ. ಎಲ್ಲಾ ಸುದ್ದಿಗೂ ಇರತೈತಿ. ಓದಿದ್ರ ಓಟ ಕೆಡತೈತಿ, ಮಂದಿಗೆ ತ್ರಾಸ ಆಗತೈತಿ ಅಂತ ನಾ ಮದಲಿಂದಲೂ ಬಿಡತೇನಿ.”

“ಎಲ್ಲಾ ಸುದ್ದಿಗೂ?”

“ಹೂಂ. ಎಲ್ಲಾ ಸುದ್ದಿಗೂ” ಎಂದವರು ಹಾಗೇ ಬಾಯಿ ತೆರೆದುಕೊಂಡು ನಿಂತರು. ಇಪ್ಪತ್ತು ವರ್ಷ ತಾವು ಓದಿದ ಹುಡುಗರೆಲ್ಲ ಸಾಲಾಗಿ ಬಂದು ಎದುರು ನಿಂತಿರಬೇಕು. ಆಗ ನನಗೆ ಕನಿಕರ ಬರಲಿಲ್ಲ. “ನಿಮ್ಮ ಓಟಕ್ಕ ನಮ್ಮಣ್ಣನ ಸಂಸಾರ ಹೋತು” ಎಂದು ಅಂದುಬಿಟ್ಟು ಇಳಿದು ಬಂದೆ.

ಮಾರನೆಯ ದಿನ ಕಾಕಾ ಮಶೀನಿಗೆ ಬಟ್ಟೆ ಮುಚ್ಚಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹುಬ್ಬಳ್ಳಿಗೆ ಪೇಪರಿನ ಆಫೀಸಿಗೆ ಹೋದರು. ತಿರುಗಿ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಅಪ್ಪನಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದೆ.

“ಒಬ್ಬ ಸಣ್ಣ ವಯಸ್ಸಿನಾವ ಕುಂತಿದ್ದರಿ. ಭಾಳ ಒಳ್ಳ್ಯಾವ. ಚಹಾ ತರಿಸಿ ಕೊಟ್ಟ. ನಾ ಎಲ್ಲಾ ಹೇಳಿದೆ, ಗಂಟು ಹರಿಹರದಾಗ ಸಿಕ್ಕಾವು, ಹುಡುಗೂರನ್ನ ಬಿಟ್ಟಾರ, ಅದನ್ನೊಂದ ಹಾಕರೆಪಾ ಅಂದೆ. ಅವ ಏನಂದ ಗೊತ್ತೇನ್ರಿ? ಕಳವಾದ್ರ ಸುದ್ದಿ ಆಗತೈತಿ ಕಾಕಾ, ಕಳವು ಆಗಲಿಲ್ಲಂದ್ರ ಏನಂತ ಬರೀಲಿ ಅಂದ. ನಾವು ಎನ್ನಲಾಗಿದೆ ಅಂತ ಹಾಕೇವಿ, ನಮ್ಮದೇನ ತಪ್ಪಿಲ್ಲ ಅಂದ.” ಕಾಕಾ ಚಾಳೀಸು ತೆಗೆದು ಕೋಟಿನ ತುದಿಯಿಂದ ಒರೆಸಿದರು. “ಖರೇನ ಐತ್ರಿ. ಅವ ಹಾಕ್ಯಾನ. ತಗದಾವ ನಾನು.”

ಆದರೂ ಒಂದು ತಿಂಗಳು ದಿನಾ ಪೇಪರು ಬಂದ ಕೂಡಲೆ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಬೆರಳು ಹಿಡಿದು ಹುಡುಕುತ್ತಿದ್ದರು. ಆಮೇಲೆ ಕಟ್ಟೆಯ ಕಡೆ ತಿರುಗುತ್ತಿದ್ದರು. ಆ ಸುದ್ದಿ ಬರಲೇ ಇಲ್ಲ. ಕಡೆಗೊಂದು ದಿನ ಅವರು ಎದ್ದು ನಿಂತರು. ಬಹಳ ದಿನಗಳ ಮೇಲೆ ಅದೇ ಸಾರಥಿಯ ಗಂಟಲು.

“ಕೇಳ್ರಪಾ ಕೇಳ್ರಿ! ಯಲವಿಗಿ ಸ್ಟೇಶನ್ಯಾಗ ಕಳವು ಆಗಿಲ್ಲ! ಗಂಟು ಹರಿಹರದಾಗ ಸಿಕ್ಕಾವು! ನಾಕೂ ಹುಡುಗೂರು ನಿರಪರಾಧಿಗಳು! ಅವರೊಳಗ ಒಬ್ಬಾತನ ನಾಮಾಂಕಿತವೇನಪಾ ಅಂದ್ರ, ಸವಣೂರಿನ ಎಲೆ ವ್ಯಾಪಾರಿಯ ಮಗ ಗುರುನಾಥ!”

ಅವ್ವ ಬಾಗಿಲಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ನಂಬಿದೆ. ಆಗ ಚನ್ನಪ್ಪ ಕೈ ಚಾಚಿದ. “ಹೌದಾ? ಎಲ್ಲೈತಿ ದಾವಲಣ್ಣಾ? ತಾ ಇಲ್ಲೆ, ನೋಡೂಣು.”

ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ನನಗೆ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಕಾಕಾ ಎಷ್ಟು ಹುಡುಗರನ್ನು ಕಳ್ಳರೆಂದು ಓದಿರಲಿಲ್ಲ! ಎಲ್ಲೈತಿ, ತೋರಿಸು ಎಂದು ಒಂದು ದಿನ ಒಬ್ಬನಾದರೂ ಕೇಳಿದ್ದನೇ? ಚನ್ನಪ್ಪ ಪೇಪರು ತೆಗೆದುಕೊಂಡು ನಾಲ್ಕೂ ಪುಟ ಮಗುಚಿದ. “ಇಲ್ಲಲ್ಲೋ?”

“ಇಲ್ಲ” ಎಂದರು ಕಾಕಾ. “ಬರಬೇಕಾಗಿತ್ತು, ಬರಲಿಲ್ಲ. ಅದಕ್ಕ ನಾನ ಓದಿದೆ.”

ಯಾರೋ ಕಿಸಕ್ಕನೆ ನಕ್ಕರು. “ಹಂಗಾರ ಮದಲ ಓದಿದ್ದೂ ಹಿಂಗ ಏನು?”

“ಹೌದ್ರಿ. ಅರ್ಧಾ ಓದೇನಿ. ಪೇಪರಿನ್ಯಾಗ ಮಾಡ್ಯಾರ ಅಂತ ಇರಲಿಲ್ಲ, ಮಾಡ್ಯಾರಂತ ಅಂತ ಇತ್ತು. ಆ ‘ಅಂತ’ ನಾ ನುಂಗೇನಿ. ಗುರಣ್ಣಂದಷ್ಟ ಅಲ್ಲ, ಎಲ್ಲಾರದೂ ನುಂಗೇನಿ.” ಎರಡೂ ಕೈ ಮುಗಿದರು. ಆ ಗಂಟಲಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಚನ್ನಪ್ಪ ಪೇಪರು ಮಡಚುತ್ತ ಹೇಳಿದ: “ಅಂತ ಅಂದ್ರೂ ಅಷ್ಟ, ಅನ್ನದಿದ್ರೂ ಅಷ್ಟ ದಾವಲಣ್ಣಾ. ಹೆಸರು ಬಂದಿತ್ತೋ ಇಲ್ಲೋ?”

ಕಾಕಾ ಪೇಪರು ಇಸಿದುಕೊಂಡು ಮಶೀನಿಗೆ ಕೂತರು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ದಸರೆಯ ಹಿಂದಿನ ವಾರ ಗುರಣ್ಣ ಊರು ಬಿಟ್ಟ. ದಾಂಡೇಲಿ ಕಡೆ ಕೆಲಸ ಸಿಕ್ಕಿತ್ತು. ಹೊರಡುವ ದಿನ ಹತ್ತೂವರೆಗೆ, ಟ್ರಂಕು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆ ಹತ್ತಿ ಎಲ್ಲರ ಮುಂದೆ ಕೂತ. “ಆ ಹಳೇ ಪೇಪರ ತಗೀರಿ ಕಾಕಾ. ಅದರಾಗ ಹೆಂಗೈತೋ ಹಂಗ ಓದ್ರಿ” ಎಂದ.

ಕಾಕಾ ಓದಿದರು. ಎದ್ದು ನಿಲ್ಲಲಿಲ್ಲ, ಎಳೆಯಲಿಲ್ಲ, ಶಾಲೆಯ ಮಗುವಿನಂತೆ ಒಂದೊಂದೇ ಶಬ್ದ ಓದಿ ‘ಎನ್ನಲಾಗಿದೆ’ ಎಂಬಲ್ಲಿಗೆ ನಿಲ್ಲಿಸಿದರು.

“ಆ ಒಂದ ಮಾತು ಅವತ್ತ ಓದಿದ್ರ ನಿಮ್ಮ ಗಂಟೇನ ಹೋಗತಿತ್ತು?” ಎಂದ ಗುರಣ್ಣ. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯಬೇಕಾಗಿದೆ ಎನ್ನುವ ಹಾಗೆ ಕೇಳಿದ. ಕಾಕಾ ಪೇಪರನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. ಅಣ್ಣ ಕಾಯ್ದು ನೋಡಿ, ಟ್ರಂಕು ಎತ್ತಿಕೊಂಡು ಮೋಟಾರಿಗೆ ನಡೆದ. ಹಳೆಯ ಅಗಲ ಪಾಯಜಾಮ ಹಾಕಿಕೊಂಡಿದ್ದ. ಕಾಕಾ ಹೊಲಿದ ಪ್ಯಾಂಟು ಮನೆಯಲ್ಲಿ ಗಿಳಿಗೂಟಕ್ಕೆ ನೇತಾಡುತ್ತಿತ್ತು.

ಅದಾದ ಮೇಲೆಯೇ ‘ಅಂತ’ ಶುರುವಾದದ್ದು. ಮೊದಲು ಪೇಪರಿನ ಸುದ್ದಿಗಷ್ಟೇ ಇತ್ತು: ಮಂತ್ರಿ ಬಂದ್ರಂತ, ಮಳಿ ಆತಂತ, ಹುಡುಗೂರು ಹೊಡದಾಡಿದ್ರಂತ. ಕೇಳುವವರಿಗೆ ಬೇಸರ ಬಂತು. ಕಟ್ಟೆ ಖಾಲಿಯಾಗುತ್ತ ಹೋಯಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೇರೊಬ್ಬ ಓದತೊಡಗಿದ, ಅವನದು ಒಳ್ಳೆಯ ಓಟವಂತೆ. ಮೆಲ್ಲಗೆ ಆ ಶಬ್ದ ಕಾಕಾನ ಎಲ್ಲ ಮಾತಿಗೂ ಹಬ್ಬಿತು. ಅವರ ಹೆಂಡತಿ ಖಾತೂನಮ್ಮ “ನನ್ನ ಕೂಡನೂ ಅಂತ ಅಂತಾರವ್ವಾ, ಉಂಡೀರಿ ಅಂದ್ರ ಉಂಡೇನಂತ ಅಂತಾರ” ಎಂದು ಅವ್ವನ ಮುಂದೆ ಅತ್ತಳು. ನಾನು ಅವರೊಡನೆ ಎರಡು ವರ್ಷ ಮಾತು ಬಿಟ್ಟಿದ್ದೆ. ಆಮೇಲೆ ಒಂದು ಮುಂಜಾನೆ, ಖಾಲಿ ಕಟ್ಟೆಯ ಮೇಲೆ ಅವರೊಬ್ಬರೇ ಪೇಪರು ಹಿಡಿದು, ಯಾರೂ ಇಲ್ಲದಿದ್ದರೂ ತಗ್ಗಿದ ದನಿಯಲ್ಲಿ ಎನ್ನಲಾಗಿದೆ, ಎನ್ನಲಾಗಿದೆ ಎಂದು ಓದಿಕೊಳ್ಳುತ್ತಿದ್ದುದನ್ನು ಕಂಡು ನನ್ನ ಸಿಟ್ಟು ಹೋಯಿತು. ಬಾಗಿಲು ದಾಟಿ ಹೋಗಿ ಅವರ ಪಕ್ಕದಲ್ಲಿ ಕೂತೆ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಆ ದಶಕದ ಕೊನೆಯಲ್ಲಿ, ಬೇಸಿಗೆಯ ರಜೆಯಲ್ಲಿ. ಆಗ ನಾನು ಹಿರೇಕೆರೂರಿನಲ್ಲಿ ಶಿಕ್ಷಕಿ. ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದು ಹೊಲಿಗೆ ನಿಂತಿತ್ತು. ಮಶೀನಿನ ಪಕ್ಕದಲ್ಲಿ ಕೂತು, ಕೈಗೆ ಸಿಕ್ಕ ಚಿಂದಿಯನ್ನು ಬೆರಳಿನಿಂದ ಅಳೆಯುತ್ತಿದ್ದರು. “ಪೇಪರ ಬಂದೈತಂತ. ಒಂದಿಷ್ಟ ಓದವ್ವಾ” ಎಂದರು.

ಬಿಸಿಲಿಗೆ ತಲೆ ನೋಯುತ್ತಿತ್ತು, ಬೇಗ ಬೇಗ ಓದಿದೆ. ಯಾವುದೋ ದೂರದ ಊರಿನ ಕಾಲೇಜು ಹುಡುಗರು ಬಸ್ಸು ನಿಲ್ಲಿಸಿ, ಕಂಡಕ್ಟರನನ್ನು ಹೊಡೆದು, ಚೀಲ ಕಸಿದುಕೊಂಡಿದ್ದರು. ಓದಿ ಮುಗಿಸಿ, “ನೋಡ್ರಿ ಕಾಕಾ, ಈಗಿನ ಹುಡುಗೂರಿಗೆ ಹೇಳಾವ್ರ ಇಲ್ಲ, ಕೇಳಾವ್ರ ಇಲ್ಲ” ಎಂದೆ. ಶಾಲೆಯಲ್ಲಿ ದಿನಾ ಆಡುವ ಮಾತು, ಬಾಯಿಗೆ ಬಂತು.

ಚಿಂದಿ ಅಳೆಯುತ್ತಿದ್ದ ಕೈ ನಿಂತಿತು. “ಅಷ್ಟ ಐತೇನ ಸರೂ?”

“ಅಷ್ಟ ಐತ್ರಿ.”

“ಬಾಲ ಇಲ್ಲಾ?”

ಪೇಪರನ್ನು ಮತ್ತೆ ಬಿಡಿಸಿದೆ. ಇತ್ತು. ವಾಕ್ಯದ ತುದಿಯಲ್ಲಿ, ಮುಂದಿನ ಸಾಲಿಗೆ ಇಳಿದು, ಒಂದೇ ಶಬ್ದ ಇತ್ತು. ಅದನ್ನು ನನ್ನ ಕಣ್ಣು ನೋಡಿತ್ತು. ನಾಲಿಗೆ ದಾಟಿ ಹೋಗಿತ್ತು. ಅದೇ ಶಬ್ದಕ್ಕಾಗಿ ಈ ಮುದುಕರ ಮೇಲೆ ಕಟ್ಟೆ ಹತ್ತಿ ಬೈದವಳು ನಾನು, ಮಾತು ಬಿಟ್ಟವಳು ನಾನು.

“ಐತ್ರಿ ಕಾಕಾ. ನಾ ಬಿಟ್ಟೆ.”

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಬಿಡತೈತಿ ಅದು” ಎಂದರು. ಅಷ್ಟು ವರ್ಷಗಳಲ್ಲಿ, ಹೀಗಿದೆ ಎಂದು ಹೇಳುವ ಮಾತುಗಳಲ್ಲಿ, ಕೊನೆಗೆ ‘ಅಂತ’ ಇಲ್ಲದೆ ಅವರಾಡಿದ್ದು ಅದೊಂದೇ. “ಮತ್ತೊಮ್ಮೆ ಓದು.”

ಓದಿದೆ, ಬಾಲದ ಸಮೇತ. ಕೇಳಿ ತಲೆಯಾಡಿಸಿದರು. ಚಿಂದಿಯನ್ನು ಮತ್ತೆ ಅಳೆಯುತ್ತ, ದಿನಾ ಅವ್ವನನ್ನು ಕೇಳುತ್ತಿದ್ದುದನ್ನೇ ನನ್ನನ್ನೂ ಕೇಳಿದರು: “ಗುರಣ್ಣ ಆರಾಮ ಅದಾನಂತ?”

ಅಣ್ಣನನ್ನು ನಾನು ನೋಡಿ ಮೂರು ವರ್ಷವಾಗಿತ್ತು. ವರ್ಷಕ್ಕೆರಡು ಕಾರ್ಡು ಬರುತ್ತಿದ್ದವು, ಎರಡರಲ್ಲೂ ಅದೇ ನಾಲ್ಕು ಸಾಲು. ಮದುವೆಯಾಗಿರಲಿಲ್ಲ. ಸವಣೂರಿಗೆ ಬರುತ್ತಿರಲಿಲ್ಲ.

“ಆರಾಮ ಅದಾನಂತ್ರಿ” ಎಂದೆ.

ಮಳೆಗಾಲದಲ್ಲಿ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಯವರೊಬ್ಬರು ಸಿಕ್ಕರು. “ಅಕ್ಕಾರ, ನಿಮ್ಮ ಓಣಿ ದಾವಲಕಾಕಾ ಹೋದ್ರಂತ್ರಿ” ಎಂದರು. ರಜೆ ಚೀಟಿ ಬರೆದುಕೊಟ್ಟು ಅದೇ ಹೊತ್ತಿಗೆ ಹೊರಟೆ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ, ಸವಣೂರಿನ ದಾರಿಯುದ್ದಕ್ಕೂ, ನಾನು ಆ ‘ಅಂತ’ವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಹೋದ್ರಂತ. ಅವರು ಕಣ್ಣಾರೆ ನೋಡಿಲ್ಲವಲ್ಲ. ಯಾರೋ ಹೇಳಿದ್ದು. ಗಂಟುಗಳು ಹರಿಹರದಲ್ಲಿ ಸಿಕ್ಕಿರಲಿಲ್ಲವೇ?

ಓಣಿಯ ತಿರುವಿನಲ್ಲಿ ಚನ್ನಪ್ಪ ಎದುರಾದ. ತಲೆಗೆ ಟೊಪ್ಪಿಗೆ ಇರಲಿಲ್ಲ, ಕೈಗೂ ಕಾಲಿಗೂ ಹಸಿ ಮಣ್ಣು ಮೆತ್ತಿತ್ತು.

“ದಾವಲಣ್ಣ ಹ್ವಾದ, ಸರೂ” ಎಂದ.

ಇನ್ನೊಂದು ಶಬ್ದ ಆಡುತ್ತಾನೇನೋ ಎಂದು ನಾನು ಅವನ ಬಾಯನ್ನೇ ನೋಡುತ್ತ ನಿಂತೆ.